ಮಳೆಗಾಲದ ರಾತ್ರಿಗೆ ಒಂದು ಬ್ಯಾಟರಿ

(ಚಿಕ್ಕಪ್ಪ ಬೊಮ್ಮಸಂದ್ರದ ಕಾರ್ಖಾನೆಯೊಂದರ ಎಲೆಕ್ಟ್ರಿಕಲ್ ಮೇಂಟೆನೆನ್ಸ್ ವಿಭಾಗದಲ್ಲಿ ದುಡಿದು ನಿವೃತ್ತರಾದವರು. ಅಣ್ಣನ ಮಗಳಿಗೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ. ಅವಳು ಹಳೆಯ ಟೆಂಪೋ ಟ್ರಾವೆಲರ್ ಒಂದನ್ನು ಕ್ಯಾರವಾನ್ ಮಾಡಿಸಲು ಹೊರಟಿದ್ದಾಳೆ. ಮಾತು ನಡೆದದ್ದು ಚಂದಾಪುರದಲ್ಲಿ, ಆನೇಕಲ್ ರಸ್ತೆಯ ಬದಿಯ ಶೆಡ್ಡೊಂದರ ಮುಂದೆ ನಿಂತ ಆ ಗಾಡಿಯೊಳಗೆ.)

ಅವಳು: ಚಿಕ್ಕಪ್ಪ, ಮೂರು ಅಂಗಡಿಯಿಂದ ಕೊಟೇಶನ್ ತಂದಿದ್ದೀನಿ. ಒಬ್ಬರು 150 ಎಎಚ್‌ನ ಎರಡು ಟ್ಯೂಬುಲರ್ ಬ್ಯಾಟರಿ ಸಾಕು ಅಂತಾರೆ. ಇನ್ನೊಬ್ಬರು ಲಿಥಿಯಂ ಬಿಟ್ಟು ಬೇರೆ ಮುಟ್ಟಲೇಬೇಡಿ ಅಂತಾರೆ. ಮೂರನೆಯವರು, ಛಾವಣಿ ಮೇಲೆ ಎಷ್ಟು ಪ್ಯಾನೆಲ್ ಕೂರುತ್ತೋ ಅಷ್ಟೂ ಕೂರಿಸಿ, ಬ್ಯಾಟರಿ ಮಾತು ಆಮೇಲೆ ಅಂತಾರೆ. ಯಾರ ಮಾತು ಕೇಳಲಿ?

ಚಿಕ್ಕಪ್ಪ: ಮೂವರಲ್ಲಿ ಯಾರಾದರೂ ನಿನ್ನನ್ನು ಒಂದು ಪ್ರಶ್ನೆ ಕೇಳಿದರಾ? ಗಾಡಿಯಲ್ಲಿ ಏನೇನು ಓಡಿಸ್ತೀರಿ, ಎಷ್ಟು ಹೊತ್ತು ಓಡಿಸ್ತೀರಿ ಅಂತ?

ಅವಳು: ಇಲ್ಲ. ಬಜೆಟ್ ಎಷ್ಟು ಅಂತ ಮಾತ್ರ ಕೇಳಿದರು.

ಚಿಕ್ಕಪ್ಪ: ಹಾಗಾದರೆ ಆ ಕಾಗದಗಳನ್ನು ಪಕ್ಕಕ್ಕಿಡು. ನಾನು ಕೇಳ್ತೀನಿ. ಈ ಗಾಡಿಯಲ್ಲಿ ಯಾವುದು ನಿಂತುಹೋದರೆ ನೀವು ಪ್ರವಾಸ ಬಿಟ್ಟು ವಾಪಸ್ ಬರಬೇಕಾಗುತ್ತೆ?

ಅವಳು: ಫ್ರಿಜ್. ನಮ್ಮತ್ತೆಯ ಇನ್ಸುಲಿನ್ ಅದರಲ್ಲಿ ಇರುತ್ತೆ. ಇನ್ನೂ ಒಡೆಯದ ಪೆನ್ನುಗಳನ್ನು 2ರಿಂದ 8 ಡಿಗ್ರಿ ಒಳಗೇ ಇಡಬೇಕು. ಹೋದರೆ ಎರಡು ವಾರ ಹೋಗೋಣ ಅಂತಿದ್ದೀವಿ. ಶಿವಮೊಗ್ಗ, ಆಗುಂಬೆ, ಶೃಂಗೇರಿ, ಆಮೇಲೆ ಕರಾವಳಿ. ಅತ್ತೆಗೆ ಮಳೆಗಾಲದಲ್ಲೇ ಮಲೆನಾಡು ನೋಡಬೇಕು ಅಂತ ಆಸೆ.

ಚಿಕ್ಕಪ್ಪ: ಅರ್ಧ ಉತ್ತರ ನೀನೇ ಹೇಳಿಬಿಟ್ಟೆ. ಬ್ಯಾಟರಿಯನ್ನು ಒಳ್ಳೆಯ ಹಗಲು ನೋಡಿ ಆರಿಸಬಾರದು ಕಣಮ್ಮ. ಕೆಟ್ಟ ರಾತ್ರಿ ನೋಡಿ ಆರಿಸಬೇಕು. ನಿನ್ನ ಕೆಟ್ಟ ರಾತ್ರಿ ಯಾವುದು? ಜುಲೈ ತಿಂಗಳು, ಆಗುಂಬೆ, ಎರಡು ದಿನದಿಂದ ಬಿಸಿಲಿಲ್ಲ, ಗಾಡಿ ನಿಂತಲ್ಲೇ ಇದೆ, ಫ್ರಿಜ್ ಮಾತ್ರ ಓಡ್ತಾ ಇರಬೇಕು. ಆ ರಾತ್ರಿಯನ್ನು ದಾಟಿಸೋ ವ್ಯವಸ್ಥೆ ಉಳಿದ ದಿನಗಳನ್ನೂ ತಾನಾಗಿ ನೋಡಿಕೊಳ್ಳುತ್ತೆ.

ಅವಳು: ಸರಿ, ಲೆಕ್ಕ ಮಾಡೋಣ. ಬರ್ಕೊಳ್ತೀನಿ.

ಚಿಕ್ಕಪ್ಪ: ಫ್ರಿಜ್‌ನಿಂದಲೇ ಶುರು ಮಾಡು. ಮನೆಯ ಫ್ರಿಜ್ ಬೇಡ, 12 ವೋಲ್ಟ್‌ನಲ್ಲಿ ನೇರವಾಗಿ ಓಡುವ ಕಂಪ್ರೆಸರ್ ಫ್ರಿಜ್ ತಗೋ. ಓಡುವಾಗ 45ರಿಂದ 60 ವ್ಯಾಟ್ ಎಳೆಯುತ್ತೆ, ಆದರೆ ಇಡೀ ದಿನ ಓಡಲ್ಲ, ತಣ್ಣಗಾದ ಮೇಲೆ ನಿಲ್ಲುತ್ತೆ. ದಿನಕ್ಕೆ 500 ವ್ಯಾಟ್-ಅವರ್ ಅಂತ ಇಡು. 12 ವೋಲ್ಟ್‌ನ ಎರಡು ಫ್ಯಾನ್, ತಲಾ 20 ವ್ಯಾಟ್, ರಾತ್ರಿ ಎಂಟು ಗಂಟೆ: 320. ಎಲ್‌ಇಡಿ ದೀಪಗಳಿಗೆ 100. ಎಲ್ಲರ ಫೋನಿಗೆ 50. ನೀರಿನ ಪಂಪಿಗೆ 30. ಮಿಕ್ಸಿ ಆರು ನಿಮಿಷ ತಿರುಗಿದರೆ 50. ನಿನ್ನ ಲ್ಯಾಪ್‌ಟಾಪ್?

ಅವಳು: ಅದು ಬೇಕೇ ಬೇಕು. ಐದು ಗಂಟೆ ಕೆಲಸ ಅಂದುಕೊಂಡರೆ 300. ಒಟ್ಟು 1,350 ಆಯ್ತು.

ಚಿಕ್ಕಪ್ಪ: ತಂತಿ, ಇನ್ವರ್ಟರ್, ಚಾರ್ಜಿಂಗ್ ಅಂತ ದಾರಿಯಲ್ಲಿ ಸೋರಿಹೋಗೋದು ಒಂದಿಷ್ಟು. ಅದಕ್ಕೆ ಶೇಕಡ 15 ಸೇರಿಸಿದರೆ 1,550 ಹತ್ತಿರ. ಬೆಸ್ಕಾಂ ಬಿಲ್ಲಿನ ಭಾಷೆಯಲ್ಲಿ ಹೇಳಬೇಕು ಅಂದರೆ ದಿನಕ್ಕೆ ಒಂದೂವರೆ ಯೂನಿಟ್ ಮೇಲೆ ಚೂರು. ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆಯ ಮಿತಿ ತಿಂಗಳಿಗೆ 200 ಯೂನಿಟ್, ಅಂದರೆ ದಿನಕ್ಕೆ ಆರೂವರೆ ದಾಟುತ್ತೆ. ಅದರ ಕಾಲು ಭಾಗದಲ್ಲಿ ನಿಮ್ಮ ಸಂಸಾರ ನಡೆಯುತ್ತೆ. ಇದು ಸಾಧ್ಯವಾಗೋದು ನೀನು ಎಸಿ, ಗೀಸರ್, ಇಂಡಕ್ಷನ್ ಒಲೆ ಬರೆಸದೆ ಇದ್ದಿದ್ದರಿಂದ.

ಅವಳು: ಎಸಿ ಬರೆಸಬೇಕು ಅಂತಿದ್ದೆ. ಮಗು ಇದೆಯಲ್ಲ.

ಚಿಕ್ಕಪ್ಪ: ಒಂದು ಟನ್ ಇನ್ವರ್ಟರ್ ಎಸಿಯನ್ನು ರಾತ್ರಿಯಿಡೀ ಓಡಿಸು, ಐದು ಯೂನಿಟ್ ಆಸುಪಾಸು ಬೇಕು. ಉಳಿದ ಎಲ್ಲದಕ್ಕೂ ಒಂದೂವರೆ, ಎಸಿ ಒಂದಕ್ಕೇ ಐದು. ಬ್ಯಾಟರಿ ನಾಲ್ಕು ಪಟ್ಟು ದೊಡ್ಡದಾಗಬೇಕು. ಅದನ್ನು ತುಂಬಿಸೋ ಪ್ಯಾನೆಲ್‌ಗೆ ಈ ಛಾವಣಿಯಲ್ಲಿ ಜಾಗವೇ ಇಲ್ಲ. ಗೋಡೆ, ಛಾವಣಿಯ ತಗಡಿಗೆ ಒಳ್ಳೆಯ ಇನ್ಸುಲೇಶನ್ ಹಾಕಿಸು, ಮೇಲೊಂದು ಎಕ್ಸಾಸ್ಟ್ ಫ್ಯಾನ್ ಕೂರಿಸು, ಸಂಜೆ ಹೊತ್ತಿಗೆ ಗಾಡಿಯನ್ನು ಎತ್ತರದ ಊರಿಗೆ ತಂದು ನಿಲ್ಲಿಸು. ಗಾಡಿಗೆ ಚಕ್ರ ಇದೆ. ತಂಪು ಇರುವ ಕಡೆಗೆ ನೀವೇ ಹೋಗಬಹುದು. ಅಡುಗೆಗೆ ಗ್ಯಾಸ್ ಇರಲಿ. 1,200 ವ್ಯಾಟ್ ಇಂಡಕ್ಷನ್ ಮೇಲೆ ಇಪ್ಪತ್ತು ನಿಮಿಷ ಅನ್ನ ಬೇಯಿಸಿದರೆ 400 ವ್ಯಾಟ್-ಅವರ್ ಹೋಗುತ್ತೆ. ಫ್ರಿಜ್‌ನ ಮುಕ್ಕಾಲು ದಿನ ಅದು.

ಅವಳು: ಸರಿ, ಎಸಿ ಕೈಬಿಟ್ಟೆ. ಈಗ ಬ್ಯಾಟರಿ. ನೀವು ಜೀವನವಿಡೀ ಲೆಡ್ ಆಸಿಡ್ ಬ್ಯಾಟರಿ ಜೊತೆ ಕೆಲಸ ಮಾಡಿದವರು. ಟ್ಯೂಬುಲರ್ ಹಾಕಿಸು ಅಂತೀರಿ ಅಂದುಕೊಂಡಿದ್ದೆ.

ಚಿಕ್ಕಪ್ಪ: ಅದರ ಜೊತೆ ಕೆಲಸ ಮಾಡಿದ್ದರಿಂದಲೇ ಈ ಗಾಡಿಗೆ ಬೇಡ ಅಂತೀನಿ. 1859ರಲ್ಲಿ ಫ್ರಾನ್ಸ್‌ನ ಗ್ಯಾಸ್ಟನ್ ಪ್ಲಾಂಟೆ ಕಂಡುಹಿಡಿದದ್ದು ಅದು. ಇವತ್ತಿಗೂ ಲಕ್ಷಾಂತರ ಮನೆಗಳ ಯುಪಿಎಸ್ ಅದರ ಮೇಲೇ ನಿಂತಿದೆ. ಮರ್ಯಾದೆ ಕೊಡಬೇಕಾದ ವಸ್ತು. ನಮ್ಮ ಬ್ಯಾಟರಿ ರೂಮಿನಲ್ಲಿ ಫೋರ್ಕ್‌ಲಿಫ್ಟ್ ಬ್ಯಾಟರಿಗಳು ಸಾಲಾಗಿ ಚಾರ್ಜಿಗೆ ನಿಂತಿರೋವು. ಒಂದೊಂದು ಸೆಲ್ಲಿನ ಮುಚ್ಚಳ ತೆಗೆದು ಹೈಡ್ರೋಮೀಟರಿನ ರಬ್ಬರ್ ಬುಡ ಹಿಂಡಿ ಬಿಟ್ಟರೆ ಆಸಿಡ್ ಗಾಜಿನ ಕೊಳವೆಗೆ ಏರೋದು, ಒಳಗಿನ ಪುಟ್ಟ ಬುರುಡೆ ತೇಲೋದು. 1.280 ಹತ್ತಿರ ನಿಂತರೆ ತುಂಬಿದೆ, 1.200ರ ಆಸುಪಾಸಿಗೆ ಇಳಿದರೆ ಅರ್ಧ ಖಾಲಿ. ಅರ್ಧದಲ್ಲಿರೋದನ್ನು ಹಾಗೇ ನಾಲ್ಕು ದಿನ ಬಿಟ್ಟರೆ ಪ್ಲೇಟಿನ ಮೇಲೆ ಬಿಳಿ ಸಲ್ಫೇಟ್ ಗಟ್ಟಿಯಾಗಿ ಕೂರುತ್ತೆ. ಒಮ್ಮೆ ಕೂತರೆ ಆ ಭಾಗ ಮತ್ತೆ ಕೆಲಸಕ್ಕೆ ಬರಲ್ಲ.

ಅವಳು: ಅಂದರೆ ಅದನ್ನು ದಿನಾ ಪೂರ್ತಿ ತುಂಬಿಸಲೇಬೇಕು.

ಚಿಕ್ಕಪ್ಪ: ಅದೇ ವಿಷಯ. ಮನೆಯಲ್ಲಿ ಕರೆಂಟ್ ಬಂದ ತಕ್ಷಣ ಯುಪಿಎಸ್ ರಾತ್ರಿಯೆಲ್ಲ ಕೂತು ತುಂಬಿಸುತ್ತೆ. ಫ್ಯಾಕ್ಟರಿಯಲ್ಲಿ ಒಂದು ಇಡೀ ಶಿಫ್ಟ್ ಚಾರ್ಜಿಂಗಿಗೇ ಮೀಸಲು. ಗಾಡಿಯಲ್ಲಿ ಹಾಗೆ ತುಂಬಿಸೋರು ಯಾರು? ಲೆಡ್ ಆಸಿಡ್ ಬ್ಯಾಟರಿಯ ಕೊನೆಯ ಇಪ್ಪತ್ತು ಭಾಗ ತುಂಬೋದಕ್ಕೆ ಗಂಟೆಗಟ್ಟಲೆ ಬೇಕು, ಅಷ್ಟರಲ್ಲಿ ಬಿಸಿಲು ಇಳಿದಿರುತ್ತೆ. ಮಲೆನಾಡಿನ ಮಳೆಯಲ್ಲಂತೂ ಅದು ವಾರಗಟ್ಟಲೆ ಅರೆಹೊಟ್ಟೆಯಲ್ಲೇ ಇರುತ್ತೆ. ಎರಡು ಟ್ಯೂಬುಲರ್ ಅಂದರೆ ಲೆಕ್ಕಕ್ಕೆ 3,600 ವ್ಯಾಟ್-ಅವರ್, ಆದರೆ ಬಾಳಿಕೆ ಬರಬೇಕಾದರೆ ಅರ್ಧಕ್ಕಿಂತ ಕೆಳಗೆ ಇಳಿಸಬಾರದು. ಕೈಗೆ ಸಿಗೋದು 1,800. ಒಂದೊಂದೂ 50 ಕೆಜಿ ಮೇಲೆ ತೂಗುತ್ತೆ. ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತೆ, ಅದು ಗಾಳಿ ಜೊತೆ ಸೇರಿದರೆ ಕಿಡಿ ಸಾಕು. ಘಾಟಿಯ ತಿರುವಿನಲ್ಲಿ ಆಸಿಡ್ ತುಳುಕುತ್ತೆ. ಮಗು, ಮುದುಕಿ ಮಲಗೋ ಹಾಸಿಗೆ ಕೆಳಗೆ ಇಡೋ ವಸ್ತುವಲ್ಲ.

ಅವಳು: ಲಿಥಿಯಂ ಅಂದರೆ ಬೆಂಕಿ ಹತ್ತುತ್ತೆ ಅಂತ ನಮ್ಮಮ್ಮನಿಗೆ ಭಯ. ಸ್ಕೂಟರ್‌ಗಳು ಉರಿದ ವಿಡಿಯೋ ಎಲ್ಲ ನೋಡಿದ್ದಾರೆ.

ಚಿಕ್ಕಪ್ಪ: ಭಯ ನ್ಯಾಯವಾದದ್ದೇ. ಆದರೆ ಲಿಥಿಯಂ ಅಂದರೆ ಒಂದೇ ಜಾತಿಯಲ್ಲ. ನಿಕ್ಕಲ್, ಮ್ಯಾಂಗನೀಸ್, ಕೋಬಾಲ್ಟ್ ಇರುವ ಎನ್‌ಎಂಸಿ ಒಂದು ಬಗೆ. ಕಡಿಮೆ ತೂಕದಲ್ಲಿ ಹೆಚ್ಚು ಶಕ್ತಿ ತುಂಬಿಕೊಳ್ಳುತ್ತೆ, ಅದಕ್ಕೇ ಕಾರಿಗೆ ಇಷ್ಟ. ಇನ್ನೊಂದು ಲಿಥಿಯಂ ಐರನ್ ಫಾಸ್ಫೇಟ್, ಅಂಗಡಿಯಲ್ಲಿ ಎಲ್‌ಎಫ್‌ಪಿ ಅಂತಾರೆ. ಅದರಲ್ಲಿ ಆಮ್ಲಜನಕ ಫಾಸ್ಫೇಟಿನೊಳಗೆ ಬಿಗಿಯಾಗಿ ಕಟ್ಟಿಕೊಂಡಿರುತ್ತೆ. ಸೆಲ್ ಬಿಸಿಯಾದರೂ ಆಮ್ಲಜನಕ ಸುಲಭಕ್ಕೆ ಹೊರಗೆ ಬರಲ್ಲ. ಹಾಗಾಗಿ ಹತೋಟಿ ತಪ್ಪೋಕೆ ಅದಕ್ಕೆ ಎನ್‌ಎಂಸಿಗಿಂತ ಹೆಚ್ಚು ಬಿಸಿ ಬೇಕು, ತಪ್ಪಿದರೂ ಉರಿಯ ರಭಸ ಕಡಿಮೆ. ಬೆಂಕಿಯೇ ಹತ್ತಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡ. ಆದರೆ ಜನ ಮಲಗೋ ಗಾಡಿಗೆ ಎರಡರಲ್ಲಿ ಆರಿಸಬೇಕಾದ್ದು ಅದೇ.

ಅವಳು: ಇದು ಇತ್ತೀಚಿನದಾ?

ಚಿಕ್ಕಪ್ಪ: ಇದನ್ನು ಜಗತ್ತಿಗೆ ತಿಳಿಸಿದ ಪ್ರಬಂಧ 1997ರಲ್ಲಿ ಬಂತು, ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದಿಂದ. ಬರೆದವರು ಮೂವರು: ಎ.ಕೆ. ಪಾಧಿ, ಕೆ.ಎಸ್. ನಂಜುಂಡಸ್ವಾಮಿ, ಜಾನ್ ಗುಡ್‌ಇನಫ್. ಗುಡ್‌ಇನಫ್‌ಗೆ 2019ರಲ್ಲಿ, ಲಿಥಿಯಂ ಬ್ಯಾಟರಿಯ ಒಟ್ಟು ಕೆಲಸಕ್ಕೆ, ಇನ್ನಿಬ್ಬರ ಜೊತೆ ನೊಬೆಲ್ ಬಂತು. ಆ ಪ್ರಬಂಧದ ಮೇಲಿನ ಉಳಿದೆರಡು ಹೆಸರುಗಳನ್ನೂ ನಾವು ನೆನಪಿಡಬೇಕು.

ಅವಳು: ಎಲ್‌ಎಫ್‌ಪಿ ಎಷ್ಟು ಬೇಕು?

ಚಿಕ್ಕಪ್ಪ: ಒಂದು ಸೆಲ್ 3.2 ವೋಲ್ಟ್. ನಾಲ್ಕು ಸಾಲಾಗಿ ಸೇರಿದರೆ 12.8. 200 ಎಎಚ್ ಪ್ಯಾಕ್ ತಗೊಂಡರೆ 2,560 ವ್ಯಾಟ್-ಅವರ್. ಎಂಬತ್ತು ಭಾಗ ಬಳಸಿದರೂ 2,000 ಮೇಲೆ ಕೈಗೆ ಸಿಗುತ್ತೆ. ತೂಕ 25 ಕೆಜಿ ಆಸುಪಾಸು. ಈಗ ನಿನ್ನ ಪಟ್ಟಿಯಲ್ಲಿ ಕೆಟ್ಟ ದಿನಕ್ಕೆ ಬೇಕೇಬೇಕಾದ್ದನ್ನು ಮಾತ್ರ ಕೂಡಿಸು: ಫ್ರಿಜ್, ದೀಪ, ಫೋನ್, ಪಂಪ್.

ಅವಳು: 680. ಆಗುಂಬೆಯ ಜುಲೈಯಲ್ಲಿ ಫ್ಯಾನ್ ಬೇಡ, ಲ್ಯಾಪ್‌ಟಾಪ್ ಮುಚ್ಚಿಡ್ತೀನಿ. 2,000ಕ್ಕೆ 680 ಅಂದರೆ… ಮೂರು ದಿನ ಹತ್ತಿರ, ಒಂಚೂರೂ ಬಿಸಿಲಿಲ್ಲದೆ!

ಚಿಕ್ಕಪ್ಪ: ಅಷ್ಟು ಸಾಕು. ಅದಕ್ಕಿಂತ ಮುಖ್ಯವಾದದ್ದು, ಆ ಮೂರು ದಿನ ಅರ್ಧದಲ್ಲೋ ಕಾಲಿನಲ್ಲೋ ಇದ್ದರೂ ಎಲ್‌ಎಫ್‌ಪಿಗೆ ನೋವಿಲ್ಲ. ಪೂರ್ತಿ ತುಂಬಿಸಿಯೇ ಇಡಬೇಕು ಅನ್ನೋ ಹಟ ಅದಕ್ಕಿಲ್ಲ. ಸಿಕ್ಕಷ್ಟು ಬಿಸಿಲನ್ನು ಸಿಕ್ಕ ಹಾಗೆ ತುಂಬಿಕೊಳ್ಳುತ್ತೆ. ಮಳೆಗಾಲದ ಗಾಡಿಗೆ ನಾನು ಅದನ್ನು ಆರಿಸೋದು ಇದಕ್ಕೆ. ತೂಕ, ಬಾಳಿಕೆ ಎಲ್ಲ ಆಮೇಲಿನ ಲಾಭ.

ಅವಳು: ಅದಕ್ಕೆ ಆಗದೆ ಇರೋದು ಏನು?

ಚಿಕ್ಕಪ್ಪ: ಎರಡು. ಒಂದು, ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಬಾರದು, ಒಳಗೆ ಲಿಥಿಯಂ ಲೋಹವಾಗಿ ಅಂಟಿಕೊಂಡು ಸೆಲ್ ಹಾಳಾಗುತ್ತೆ. ಕರ್ನಾಟಕದಲ್ಲಿ ಆ ಚಿಂತೆ ಇಲ್ಲ. ಮುಂದೆ ಲಡಾಖ್ ಕನಸು ಇದ್ದರೆ, ಚಳಿಯಲ್ಲಿ ಚಾರ್ಜಿಂಗ್ ತಾನಾಗಿ ನಿಲ್ಲಿಸುವ ಬಿಎಂಎಸ್ ಇರೋದನ್ನೇ ಕೇಳಿ ತಗೋ. ಎರಡು, 45 ಡಿಗ್ರಿ ದಾಟಿದ ಬಿಸಿಯಲ್ಲಿ ಬೇಗ ಮುದಿಯಾಗುತ್ತೆ. ಎಂಜಿನ್ ಪಕ್ಕ ಬೇಡ, ಬಿಸಿಲು ಹೊಡೆಯೋ ತಗಡಿನ ಪೆಟ್ಟಿಗೆ ಬೇಡ. ಈ ಸೀಟಿನ ಕೆಳಗೆ, ಚಾಸಿಗೆ ಬೋಲ್ಟ್ ಮಾಡಿದ ಚೌಕಟ್ಟಿನಲ್ಲಿ ಇಡು.

ಅವಳು: ಬಿಎಂಎಸ್ ಅಂದರೆ ಒಳಗಿನ ಕಾವಲು ಸರ್ಕ್ಯೂಟ್ ಅಲ್ವಾ?

ಚಿಕ್ಕಪ್ಪ: ಹೌದು. ಸೆಲ್ ಹೆಚ್ಚು ತುಂಬಿದರೆ, ತೀರಾ ಇಳಿದರೆ, ಬಿಸಿಯಾದರೆ, ಶಾರ್ಟ್ ಆದರೆ ಕಡಿದುಹಾಕುತ್ತೆ. ಇನ್ನೊಂದು ತಿಳಿದುಕೋ. ನಮ್ಮ ಬ್ಯಾಟರಿ ರೂಮಿನಲ್ಲಿ ಹೈಡ್ರೋಮೀಟರ್ ಎಲ್ಲ ಹೇಳ್ತಿತ್ತು. ಎಲ್‌ಎಫ್‌ಪಿಯಲ್ಲಿ ಆಸಿಡ್ಡೂ ಇಲ್ಲ, ವೋಲ್ಟೇಜ್ ನೋಡಿದರೂ ಗೊತ್ತಾಗಲ್ಲ. ಎಂಬತ್ತು ಭಾಗ ಇದ್ದಾಗಲೂ ಹದಿಮೂರರ ಮೇಲೆ ಚೂರು, ಮೂವತ್ತಕ್ಕೆ ಇಳಿದಾಗಲೂ ಹೆಚ್ಚುಕಡಿಮೆ ಅಲ್ಲೇ ನಿಂತಿರುತ್ತೆ. ಆಮೇಲೆ ಒಮ್ಮೆಲೇ ಕುಸಿಯುತ್ತೆ. ಅದಕ್ಕೆ ನೆಗೆಟಿವ್ ಲೈನಿನಲ್ಲಿ ಒಂದು ಶಂಟ್ ಹಾಕಿ, ಒಳಗೆ ಹೋದ ಆಂಪಿಯರ್, ಹೊರಗೆ ಬಂದ ಆಂಪಿಯರ್ ಎರಡನ್ನೂ ಎಣಿಸುವ ಮೀಟರ್ ಕೂರಿಸು. ಇನ್ಸುಲಿನ್ ಇರೋ ಗಾಡಿಯಲ್ಲಿ ಆ ಮೀಟರ್ ಇಲ್ಲದೆ ಹೊರಡಬಾರದು.

ಅವಳು: ಇನ್ನು ಸೋಲಾರ್. ಈ ಛಾವಣಿ ಮೇಲೆ ಎಷ್ಟು ಕೂರುತ್ತೆ?

ಚಿಕ್ಕಪ್ಪ: ಒಂದು ಚದರ ಮೀಟರಿಗೆ 200 ವ್ಯಾಟ್ ಅಂತ ಅಂದಾಜಿಟ್ಟುಕೋ. ಈಗಿನ ಮೋನೋ ಪ್ಯಾನೆಲ್‌ಗಳು ಬಿಸಿಲಿನ ಐದನೇ ಒಂದು ಭಾಗ, ಅಥವಾ ಸ್ವಲ್ಪ ಹೆಚ್ಚು, ವಿದ್ಯುತ್ ಮಾಡ್ತವೆ. ಎಕ್ಸಾಸ್ಟ್ ಫ್ಯಾನ್, ಲಗೇಜ್ ಕ್ಯಾರಿಯರ್ ಜಾಗ ಕಳೆದು, 200 ವ್ಯಾಟಿನ ಎರಡು ಪ್ಯಾನೆಲ್ ಆರಾಮಾಗಿ ಕೂರುತ್ತೆ. 400 ವ್ಯಾಟ್.

ಅವಳು: ಓರೆಯಾಗಿ ಎತ್ತಿ ನಿಲ್ಲಿಸಬೇಕಾ? ಮನೆ ಮೇಲೆ ಎಲ್ಲರೂ ದಕ್ಷಿಣಕ್ಕೆ ಓರೆ ಮಾಡ್ತಾರೆ.

ಚಿಕ್ಕಪ್ಪ: ಗಾಡಿ ಯಾವ ದಿಕ್ಕಿಗೆ ನಿಲ್ಲುತ್ತೆ ಅಂತ ಯಾರಿಗೆ ಗೊತ್ತು? ಮಟ್ಟಸವಾಗಿ ಮಲಗಿಸು. ನಾವಿರೋದು ಹದಿಮೂರು ಡಿಗ್ರಿ ಅಕ್ಷಾಂಶಕ್ಕಿಂತ ತುಸು ಕೆಳಗೆ. ಬೆಂಗಳೂರಿನಲ್ಲಿ ಏಪ್ರಿಲ್ 24, ಆಗಸ್ಟ್ 18ರ ಸುಮಾರಿಗೆ ಸೂರ್ಯ ಸರಿಯಾಗಿ ನೆತ್ತಿ ಮೇಲೆ ಬಂದು ಕಂಬಕ್ಕೆ ನೆರಳೇ ಬೀಳಲ್ಲ. ನಮಗೆ ಮಟ್ಟಸ ಪ್ಯಾನೆಲ್‌ನಿಂದ ಆಗೋ ನಷ್ಟ ಅಲ್ಪ. ನಿಜವಾದ ನಷ್ಟ ಬಿಸಿಯದ್ದು. ಪ್ಯಾನೆಲ್ ಮೇಲೆ ಬರೆದ ವ್ಯಾಟ್ 25 ಡಿಗ್ರಿಯಲ್ಲಿ ಅಳೆದದ್ದು. ಮಧ್ಯಾಹ್ನ ತಗಡಿನ ಮೇಲೆ ಅದು 60 ಡಿಗ್ರಿ ಮುಟ್ಟುತ್ತೆ. ಒಂದೊಂದು ಡಿಗ್ರಿಗೂ ಶೇಕಡ 0.35ರಷ್ಟು ಇಳಿಯುತ್ತೆ ಅಂದರೆ ಅಲ್ಲೇ ಹನ್ನೆರಡು ಭಾಗ ಹೋಯ್ತು. ಅಂಟು ಹಚ್ಚಿ ತಗಡಿಗೆ ಮೆತ್ತಬೇಡ. ಅಲ್ಯೂಮಿನಿಯಂ ಪಟ್ಟಿ ಮೇಲೆ ಕೂರಿಸಿ, ಅಡಿಯಲ್ಲಿ ನಾಲ್ಕೈದು ಸೆಂಟಿಮೀಟರ್ ಗಾಳಿ ಆಡೋ ಹಾಗೆ ಬಿಡು. ಒಳಗೂ ತಂಪಿರುತ್ತೆ.

ಅವಳು: 400 ವ್ಯಾಟ್‌ನಿಂದ ದಿನಕ್ಕೆ ಎಷ್ಟು ಬರುತ್ತೆ?

ಚಿಕ್ಕಪ್ಪ: ಬಿಸಿ, ಧೂಳು, ತಂತಿ ಎಲ್ಲ ಕಳೆದು, ಒಳ್ಳೆಯ ದಿನ ವ್ಯಾಟನ್ನು ನಾಲ್ಕರಿಂದ ಗುಣಿಸು. 1,600. ನಿನ್ನ ದಿನದ ಖರ್ಚು ಹೊರಟುಹೋಗುತ್ತೆ. ಮಲೆನಾಡಿನ ಮಳೆಗಾಲಕ್ಕೆ ಎರಡರಿಂದ ಗುಣಿಸು, 800. ಕವಿದ ದಿನ ಅಷ್ಟೂ ಬರಲ್ಲ. ತುಮಕೂರು ಜಿಲ್ಲೆಯ ಪಾವಗಡದಲ್ಲಿ 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ನಿಂತಿದೆ. ಅದನ್ನು ಅಲ್ಲಿ ಕಟ್ಟಿದ್ದು ಆ ಸೀಮೆಯಲ್ಲಿ ಬಿಸಿಲು ಹೆಚ್ಚು, ಮಳೆ ಕಡಿಮೆ ಅಂತ. ಅದೇ ರಾಜ್ಯದಲ್ಲಿ ಆಗುಂಬೆಗೆ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತೆ. ಮಾರೋರು ಹೇಳೋ ಲೆಕ್ಕ ಪಾವಗಡದ್ದು. ನೀನು ಹೊರಟಿರೋದು ಆಗುಂಬೆಗೆ.

ಅವಳು: ಮರದ ನೆರಳಲ್ಲಿ ನಿಲ್ಲಿಸಿದರೆ?

ಚಿಕ್ಕಪ್ಪ: ಒಂದು ಕೊಂಬೆಯ ನೆರಳು ಬಿದ್ದರೂ ದೊಡ್ಡ ಪೆಟ್ಟು. ಪ್ಯಾನೆಲ್ ಒಳಗಿನ ಸೆಲ್ಲುಗಳು ಸಾಲಾಗಿ ಜೋಡಿಸಿದ್ದು. ಹೊಲಕ್ಕೆ ಎಳೆದ ಪೈಪನ್ನು ಒಂದು ಕಡೆ ತುಳಿದರೆ ಇಡೀ ಪೈಪಿನ ನೀರು ಇಳಿದುಹೋದ ಹಾಗೆ, ಒಂದು ಸೆಲ್ ನೆರಳಿಗೆ ಬಂದರೆ ಆ ಸಾಲು ಪೂರ್ತಿ ಸೊರಗುತ್ತೆ. ಬೈಪಾಸ್ ಡಯೋಡ್ ಇರೋದರಿಂದ ಉಳಿದ ಸಾಲುಗಳು ಬದುಕಿಕೊಳ್ತವೆ, ಸಾಮಾನ್ಯವಾಗಿ ಮೂರರಲ್ಲಿ ಎರಡು. ಗಾಡಿ ಮೇಲೆ ಫ್ಯಾನಿನ ಡಬ್ಬ, ಕ್ಯಾರಿಯರ್ ನೆರಳು ಇದ್ದೇ ಇರುತ್ತೆ, ಅದಕ್ಕೆ ಎರಡು ಪ್ಯಾನೆಲ್ಲನ್ನು ಪ್ಯಾರಲಲ್ ಮಾಡಿಸು. ಒಂದು ಸೊರಗಿದರೂ ಇನ್ನೊಂದು ದುಡಿಯಲಿ. ಕಂಟ್ರೋಲರ್ ಎಂಪಿಪಿಟಿಯೇ ಇರಲಿ. ಅಗ್ಗದ ಪಿಡಬ್ಲ್ಯುಎಂ ಪ್ಯಾನೆಲ್ಲಿನ ವೋಲ್ಟೇಜನ್ನು ಬ್ಯಾಟರಿ ಮಟ್ಟಕ್ಕೆ ಎಳೆದು ಹಾಕುತ್ತೆ, ಮೇಲಿನ ವೋಲ್ಟೇಜ್ ದಂಡ. ಎಂಪಿಪಿಟಿ ಆ ಹೆಚ್ಚಿನ ವೋಲ್ಟೇಜನ್ನು ಕರೆಂಟಾಗಿ ಬದಲಾಯಿಸಿ ಕೊಡುತ್ತೆ. ಹೊಸೂರು ರಸ್ತೆಯ ಧೂಳು, ಜಿಗಣಿ ಕಡೆಯ ಗ್ರಾನೈಟ್ ಪುಡಿ ಎಲ್ಲ ಅದರ ಮೇಲೇ ಕೂರೋದು. ವಾರಕ್ಕೊಮ್ಮೆ ಬೆಳಿಗ್ಗೆ, ಗಾಜು ತಣ್ಣಗಿರುವಾಗ, ಒದ್ದೆ ಬಟ್ಟೆಯಲ್ಲಿ ಒರೆಸು.

ಅವಳು: ನಮ್ಮ ಆಫೀಸಿನ ಹತ್ತಿರವೇ ಪ್ಯಾನೆಲ್ ಮಾಡ್ತಿದ್ದರು ಅಂತ ಅಪ್ಪ ಹೇಳ್ತಿದ್ದರು.

ಚಿಕ್ಕಪ್ಪ: ಹೌದು. 1989ರಲ್ಲಿ ಟಾಟಾ ಮತ್ತು ಬ್ರಿಟನ್ನಿನ ಬಿಪಿ ಕೂಡಿ ಶುರು ಮಾಡಿದ ಟಾಟಾ ಬಿಪಿ ಸೋಲಾರ್ ಇದ್ದದ್ದು ಎಲೆಕ್ಟ್ರಾನಿಕ್ ಸಿಟಿಯಲ್ಲೇ. ಆಮೇಲೆ ಅದು ಟಾಟಾ ಪವರ್ ಸೋಲಾರ್ ಆಯ್ತು. ಬೆಂಗಳೂರಿಗೆ ಇದು ಹೊಸ ವಿದ್ಯೆ ಅಲ್ಲ. 1995ರಲ್ಲಿ ಹರೀಶ್ ಹಂದೆ ಅವರು ಸೆಲ್ಕೋ ಸೋಲಾರ್ ಕಂಪನಿ ಕಟ್ಟಿದ್ದೂ ಇಲ್ಲೇ, 2011ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಹಳ್ಳಿಯ ಮನೆಗೆ, ಸಂತೆಯಲ್ಲಿ ತರಕಾರಿ ಮಾರೋರಿಗೆ ಬೆಳಕು ಕೊಡುವಾಗ ಅವರು ಮೊದಲು ನೋಡಿದ್ದು ಆ ಜನರಿಗೆ ಎಲ್ಲಿ, ಎಷ್ಟು ಹೊತ್ತು ಬೆಳಕು ಬೇಕು ಅನ್ನೋದನ್ನ. ಪ್ಯಾನೆಲ್ ಆಮೇಲೆ. ನಾನು ನಿನಗೆ ಹೇಳ್ತಿರೋದೂ ಅದೇ ಕ್ರಮ.

ಅವಳು: ಮಳೆ ದಿನ 800 ಬಂದು 1,550 ಖರ್ಚಾದರೆ 750 ಸಾಲ ಉಳೀತಲ್ಲ. ಜನರೇಟರ್ ಬೇಕಾ?

ಚಿಕ್ಕಪ್ಪ: ಬೇಡ. ಸದ್ದು, ಪೆಟ್ರೋಲ್ ವಾಸನೆ, ಎಲ್ಲಕ್ಕಿಂತ ಕಾರ್ಬನ್ ಮಾನಾಕ್ಸೈಡ್. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಮಲಗಿದವರು ಏಳಲ್ಲ. ನಿನ್ನ ಗಾಡಿಯ ಎಂಜಿನ್ನಲ್ಲೇ ಒಂದು ಜನರೇಟರ್ ಇದೆ, ಆಲ್ಟರ್ನೇಟರ್. ಅದನ್ನು ನೇರವಾಗಿ ಲಿಥಿಯಂಗೆ ಕಟ್ಟಬೇಡ. ಎಲ್‌ಎಫ್‌ಪಿ ಕೊಟ್ಟಷ್ಟು ಕರೆಂಟ್ ನುಂಗುತ್ತೆ, ಆಲ್ಟರ್ನೇಟರ್ ಕಾದು ಸುಟ್ಟುಹೋಗುತ್ತೆ. ನಡುವೆ 30 ಆಂಪಿಯರಿನ ಡಿಸಿ-ಡಿಸಿ ಚಾರ್ಜರ್ ಹಾಕಿಸು. ಗಂಟೆಗೆ 380 ಹತ್ತಿರ ತುಂಬುತ್ತೆ. ಶೃಂಗೇರಿಯಿಂದ ಉಡುಪಿ ಕಡೆಗೆ ಎರಡು ಗಂಟೆ ಘಾಟಿ ಇಳಿದರೆ ನಿನ್ನ 750 ತೀರಿತು. ಹೋಂಸ್ಟೇಯಲ್ಲಿ ತಂಗಿದ ರಾತ್ರಿಗೆ ಒಂದು 20 ಆಂಪಿಯರ್ ಚಾರ್ಜರ್ ಇರಲಿ. ಸಾಮಾನ್ಯ ಪ್ಲಗ್ಗಿಗೆ ಸಿಕ್ಕಿಸಿ ಮಲಗಿದರೆ ಬೆಳಿಗ್ಗೆಗೆ ಬ್ಯಾಟರಿ ಬಹುಪಾಲು ತುಂಬಿರುತ್ತೆ.

ಅವಳು: ಹಾಗಾದರೆ ಬಿಸಿಲು, ಎಂಜಿನ್, ಪ್ಲಗ್ ಮೂರೂ ಇರಬೇಕು.

ಚಿಕ್ಕಪ್ಪ: ಮೂರರಲ್ಲಿ ಎರಡು ಕೈಕೊಟ್ಟರೂ ಒಂದು ನಡೆಸಬೇಕು. ಮೂರೂ ಕೈಕೊಟ್ಟಾಗ ಬ್ಯಾಟರಿ ಮೂರು ದಿನ ಕಾಯಬೇಕು.

ಅವಳು: ಇನ್ವರ್ಟರ್?

ಚಿಕ್ಕಪ್ಪ: ಮಿಕ್ಸಿ, ಲ್ಯಾಪ್‌ಟಾಪಿಗೆ ಬೇಕು. ಪ್ಯೂರ್ ಸೈನ್ ವೇವ್ ಇರೋದು, 1,000 ವ್ಯಾಟ್ ಸಾಕು. ಆದರೆ ಏನೂ ಓಡಿಸದೆ ಸುಮ್ಮನೆ ಆನ್ ಇಟ್ಟರೂ ಅದು 15 ವ್ಯಾಟ್ ತಿನ್ನಬಹುದು. ಇಪ್ಪತ್ನಾಲ್ಕು ಗಂಟೆಗೆ 360. ನಿನ್ನ ಇಡೀ ದಿನದ ಖರ್ಚಿನ ಕಾಲು ಭಾಗ, ಯಾರಿಗೂ ಉಪಯೋಗವಿಲ್ಲದೆ. ಫ್ರಿಜ್, ಫ್ಯಾನ್, ದೀಪ 12 ವೋಲ್ಟ್‌ನಲ್ಲೇ ಇರಲಿ ಅಂದದ್ದು ಇದಕ್ಕೇ. ಇನ್ವರ್ಟರಿಗೆ ಕೈಗೆಟಕುವ ಕಡೆ ಒಂದು ಸ್ವಿಚ್ ಇಡಿಸು, ಕೆಲಸ ಮುಗಿದ ಕೂಡಲೇ ಆರಿಸು.

ಅವಳು: ವೈರಿಂಗ್ ಈ ಶೆಡ್ಡಿನವರೇ ಮಾಡ್ತಾರೆ. ಅದರಲ್ಲಿ ಏನು ನೋಡಬೇಕು?

ಚಿಕ್ಕಪ್ಪ: ಅದನ್ನೇ ಎಲ್ಲಕ್ಕಿಂತ ಹೆಚ್ಚು ನೋಡಬೇಕು. ಮನೆಯಲ್ಲಿ 230 ವೋಲ್ಟ್, ಹಾಗಾಗಿ ಕರೆಂಟ್ ಕಡಿಮೆ, ತಂತಿ ಸಣ್ಣದಿದ್ದರೂ ನಡೆಯುತ್ತೆ. ಇಲ್ಲಿ 12 ವೋಲ್ಟ್. ಅದೇ ಕೆಲಸಕ್ಕೆ ಹೆಚ್ಚುಕಡಿಮೆ ಹತ್ತೊಂಬತ್ತು ಪಟ್ಟು ಕರೆಂಟ್ ಹರಿಯುತ್ತೆ. ಮುಂದಿನ ಎಂಜಿನ್ನಿಂದ ಈ ಸೀಟಿನವರೆಗೆ ಹೋಗಿ ಬರೋದು ಹತ್ತು ಮೀಟರ್ ಅಂದುಕೋ. 30 ಆಂಪಿಯರಿಗೆ 6 ಸ್ಕ್ವೇರ್ ಎಂಎಂ ತಾಮ್ರದ ತಂತಿ ಹಾಕಿದರೆ ದಾರಿಯಲ್ಲೇ 0.9 ವೋಲ್ಟ್ ಬಿದ್ದುಹೋಗುತ್ತೆ. 16 ಸ್ಕ್ವೇರ್ ಎಂಎಂ ಹಾಕಿದರೆ 0.35. ಬಿದ್ದ ವೋಲ್ಟ್ ಎಲ್ಲಿ ಹೋಗುತ್ತೆ? ತಂತಿಯನ್ನು ಬಿಸಿ ಮಾಡುತ್ತೆ.

ಅವಳು: ಬಿಸಿಯಾದರೆ ಬೆಂಕಿ.

ಚಿಕ್ಕಪ್ಪ: ಇಂಥ ಗಾಡಿಯಲ್ಲಿ ಬೆಂಕಿಗೆ ದಾರಿ ಮಾಡಿಕೊಡೋದು ಬ್ಯಾಟರಿಯ ಜಾತಿಗಿಂತ ಮೊದಲು ತಂತಿಯ ತುದಿಯ ಒಂದು ಸಡಿಲ ಲಗ್. ಹೈಡ್ರಾಲಿಕ್ ಕ್ರಿಂಪರ್‌ನಲ್ಲಿ ಒತ್ತಿಸು, ಸುತ್ತಿಗೆಯಲ್ಲಿ ಬಡಿದು ಕೂರಿಸೋದಕ್ಕೆ ಬಿಡಬೇಡ. ಒತ್ತಿದ ಮೇಲೆ ಕೈಯಲ್ಲಿ ಹಿಡಿದು ಜೋರಾಗಿ ಎಳೆದು ನೋಡು, ತಂತಿ ಒಂದು ಕೂದಲೂ ಜಾರಬಾರದು. ಪೂರ್ತಿ ಲೋಡ್ ಹಾಕಿ ಹತ್ತು ನಿಮಿಷ ಬಿಟ್ಟು, ಎಲ್ಲ ಆರಿಸಿದ ಮೇಲೆ ಒಂದೊಂದು ಜಾಯಿಂಟಿನ ಇನ್ಸುಲೇಶನ್ ಮೇಲೆ ಕೈಯ ಹಿಂಭಾಗ ಇಟ್ಟು ನೋಡು. ಬೆಚ್ಚಗಿದ್ದರೆ ಪರವಾಗಿಲ್ಲ, ಸುಡುತ್ತಿದ್ದರೆ ಬಿಚ್ಚಿಸಿ ಮತ್ತೆ ಮಾಡಿಸು. ಬ್ಯಾಟರಿಯ ಪಾಸಿಟಿವ್‌ನಿಂದ ಒಂದು ಗೇಣಿನೊಳಗೆ ಮುಖ್ಯ ಫ್ಯೂಸ್ ಇರಬೇಕು. ಎಲ್‌ಎಫ್‌ಪಿ ಶಾರ್ಟ್ ಆದರೆ ಸಾವಿರಾರು ಆಂಪಿಯರ್ ಸುರಿಯುತ್ತೆ, ಅದನ್ನು ಕಡಿಯೋ ತಾಕತ್ತಿರೋ ಡಿಸಿ ಫ್ಯೂಸೇ ಆಗಬೇಕು. ಮನೆಯ ಎಂಸಿಬಿ ತಂದು ಹಾಕಿದರೆ ಒಪ್ಪಬೇಡ. ಎಸಿ ಕರೆಂಟ್ ಸೆಕೆಂಡಿಗೆ ನೂರು ಸಲ ಸೊನ್ನೆ ಮುಟ್ಟುತ್ತೆ, ಕಿಡಿ ತಾನಾಗಿ ಆರುತ್ತೆ. ಡಿಸಿ ಸೊನ್ನೆ ಮುಟ್ಟೋದೇ ಇಲ್ಲ, ಕಿಡಿ ಹಾಗೇ ಉರೀತಾ ನಿಲ್ಲುತ್ತೆ.

ಅವಳು: ಗಾಡಿಯ ಕಾಗದಪತ್ರ?

ಚಿಕ್ಕಪ್ಪ: ಅದನ್ನು ಮೊದಲೇ ವಿಚಾರಿಸು, ಕೆಲಸ ಮುಗಿದ ಮೇಲಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಆರ್‌ಸಿಯಲ್ಲಿ ಇರೋ ವಿವರ ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗೋ ಹಾಗೆ ಗಾಡಿ ಬದಲಿಸೋ ಹಾಗಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಖಡಾಖಂಡಿತವಾಗಿ ಹೇಳಿತು. ಮೋಟಾರ್ ಕ್ಯಾರವಾನ್‌ಗೆ ಅಂತಲೇ ಎಐಎಸ್-124 ಅನ್ನೋ ಮಾನದಂಡ ಇದೆ. ಆರ್‌ಟಿಒದಲ್ಲಿ ಮಾತಾಡು, ಅನುಮತಿ ಬರಹದಲ್ಲಿ ತಗೋ, ವಿಮೆ ಕಂಪನಿಗೆ ತಿಳಿಸು. ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಹೋಗೋ ಗಾಡಿ, ಅಪಘಾತವಾದ ದಿನ ವಿಮೆ ಇಲ್ಲ ಅನ್ನಿಸಿಕೊಳ್ಳಬಾರದು.

ಅವಳು: ಬ್ಯಾಟರಿ ಎಲ್ಲಿ ಕೊಳ್ಳಲಿ? ಬಿಡಿ ಸೆಲ್ ತಂದು ಜೋಡಿಸಿ ಕೊಡ್ತೀವಿ, ಅರ್ಧ ಬೆಲೆ ಅಂತಾರೆ.

ಚಿಕ್ಕಪ್ಪ: ಹಳೆಯ ವಾಹನದಿಂದ ಬಿಚ್ಚಿದ ಸೆಲ್ಲಿಗೆ ಹೊಸ ಪ್ಲಾಸ್ಟಿಕ್ ಸುತ್ತಿದರೆ ಕಣ್ಣಿಗೆ ಗೊತ್ತಾಗಲ್ಲ. ಯಾರ ಹತ್ತಿರ ಕೊಂಡರೂ ಸಾಮರ್ಥ್ಯ ಅಳೆದೇ ತಗೋ. ಪೂರ್ತಿ ತುಂಬಿಸು, ಇಂತಿಷ್ಟು ಅಂತ ಗೊತ್ತಿರೋ ಲೋಡ್ ಹಾಕು, ಬಿಎಂಎಸ್ ಕಡಿಯೋ ತನಕ ಬಿಡು, ಶಂಟ್ ಮೀಟರಿನಲ್ಲಿ ಎಷ್ಟು ಎಎಚ್ ಹೊರಗೆ ಬಂತು ಓದು. 200 ಅಂತ ಕೊಟ್ಟದ್ದು 150ಕ್ಕೇ ನಿಂತರೆ ವಾಪಸ್ ಕೊಡು. ಇನ್ನೊಂದು, ಸತ್ತ ಮೇಲೆ ಅದು ಎಲ್ಲಿಗೆ ಹೋಗುತ್ತೆ ಅನ್ನೋದನ್ನೂ ಈಗಲೇ ಕೇಳು. ಲೆಡ್ ಆಸಿಡ್‌ಗೆ ಗುಜರಿಯಲ್ಲಿ ಬೆಲೆ ಇದೆ. ಲಿಥಿಯಂ ಕಸದ ಗುಡ್ಡೆಗೆ ಬಿದ್ದರೆ ಅಲ್ಲೇ ಹೊತ್ತಿಕೊಳ್ಳಬಹುದು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯದನ್ನು ಸಂಗ್ರಹಿಸಿ ಮರುಬಳಕೆಗೆ ಕಳಿಸೋದು ತಯಾರಕರ ಹೊಣೆ. ವಾಪಸ್ ತಗೊಳ್ತೀವಿ ಅಂತ ಬರೆದುಕೊಡೋರ ಹತ್ತಿರ ಕೊಳ್ಳು.

ಅವಳು: ಎಲ್ಲ ಮುಗಿದ ಮೇಲೆ ನೇರ ಆಗುಂಬೆಗೆ ಹೊರಡಬಹುದಾ?

ಚಿಕ್ಕಪ್ಪ: ಅದಕ್ಕೆ ಮುಂಚೆ ಇಲ್ಲೇ ಪರೀಕ್ಷೆ ಆಗಲಿ. ಬ್ಯಾಟರಿ ತುಂಬಿಸಿ, ಪ್ಯಾನೆಲ್ಲಿಗೆ ಟಾರ್ಪಾಲ್ ಹೊದಿಸಿ, ಎಂಜಿನ್ ಮುಟ್ಟದೆ, ಎರಡು ದಿನ ಬರೀ ಬೇಕೇಬೇಕಾದ್ದನ್ನು ಓಡಿಸು. ಫ್ರಿಜ್ ಒಳಗೊಂದು ಥರ್ಮಾಮೀಟರ್ ಇಡು. ಎರಡು ದಿನ ಕಳೆದ ಮೇಲೆ ಮೀಟರಿನಲ್ಲಿ ಶೇಕಡ 40ಕ್ಕಿಂತ ಹೆಚ್ಚು ಉಳಿದಿದ್ದರೆ ಲೆಕ್ಕ ಸರಿ. ಕಡಿಮೆ ಇದ್ದರೆ ಎಲ್ಲೋ ಸೋರಿಕೆ ಇದೆ, ಹುಡುಕೋದಕ್ಕೆ ಚಂದಾಪುರ ಒಳ್ಳೆಯ ಜಾಗ. ಅಂಗಡಿ ಇದೆ, ಮೆಕ್ಯಾನಿಕ್ ಇದ್ದಾರೆ, ನಾನಿದ್ದೀನಿ.

ಅವಳು: ಕೊನೆಯದು, ಚಿಕ್ಕಪ್ಪ. ದುಡ್ಡು ಕಡಿಮೆ ಬಿದ್ದರೆ ಯಾವುದನ್ನು ಮುಂದಕ್ಕೆ ಹಾಕಲಿ?

ಚಿಕ್ಕಪ್ಪ: ಇನ್ವರ್ಟರ್ ಮುಂದಕ್ಕೆ ಹಾಕು, ಮಿಕ್ಸಿ ಇಲ್ಲದೆ ಎರಡು ವಾರ ಕಳೀಬಹುದು, ಲ್ಯಾಪ್‌ಟಾಪಿಗೆ 12 ವೋಲ್ಟ್ ಚಾರ್ಜರ್ ಸಿಗುತ್ತೆ. ಎರಡನೇ ಪ್ಯಾನೆಲ್ ಮುಂದಕ್ಕೆ ಹಾಕು, ಒಂದರ ಜೊತೆ ಆಲ್ಟರ್ನೇಟರ್ ಸೇರಿಸಿ ನಡೆಸಬಹುದು. ಬ್ಯಾಟರಿಯಲ್ಲಿ, ಬಿಎಂಎಸ್‌ನಲ್ಲಿ, ಫ್ಯೂಸಿನಲ್ಲಿ, ತಂತಿಯ ದಪ್ಪದಲ್ಲಿ ಒಂದು ರೂಪಾಯಿಯನ್ನೂ ಉಳಿಸಬೇಡ. ಮುಂದಕ್ಕೆ ಹಾಕಿದ್ದನ್ನು ಯಾವತ್ತು ಬೇಕಾದರೂ ಕೊಳ್ಳಬಹುದು. ಇವುಗಳಲ್ಲಿ ಕಳಪೆ ಕೊಂಡರೆ ಅದನ್ನು ಸರಿಪಡಿಸೋ ಅವಕಾಶ ಮತ್ತೆ ಸಿಗದೆ ಹೋಗಬಹುದು.